ರೇಡಿಯೊದಲ್ಲಿ ಬಂದದ್ದೇ ಬೇಕು: ಹಳೆ ಹಿಟ್ ಹಾಡುಗಳು ಸಿಡಿಗೆ ಬಂದ ದಾರಿ

ಅಮೆರಿಕದಲ್ಲಿ 60ರ ದಶಕದಲ್ಲಿ ಹಿಟ್ ಆದ ಒಂದು ಪಾಪ್ ಹಾಡು ನಿಮಗೆ ಬೇಕು ಅಂದುಕೊಳ್ಳಿ. ಹುಡುಕಿದರೆ ನಾಲ್ಕು ಸಿಡಿಗಳಲ್ಲಿ ಸಿಗುತ್ತದೆ. ಒಂದರಲ್ಲಿ ಹಾಡು ಹತ್ತು ಸೆಕೆಂಡ್ ಜಾಸ್ತಿ ಓಡುತ್ತದೆ. ಇನ್ನೊಂದರಲ್ಲಿ ಗಾಯಕರ ದನಿಯೆಲ್ಲ ಎಡಗಿವಿಗೆ, ಡ್ರಮ್ ಎಲ್ಲ ಬಲಗಿವಿಗೆ. ಮೂರನೆಯದರಲ್ಲಿ ಹಾಡಿದವರು ಅವರೇ, ಆದರೆ ಹದಿನೈದು ವರ್ಷ ಕಳೆದ ಮೇಲೆ ಮತ್ತೆ ಹಾಡಿದ್ದು. ನಾಲ್ಕನೆಯದು ಯಾರೋ ಹಳೆ ರೆಕಾರ್ಡಿನ ಮೇಲೆ ಮುಳ್ಳಿಟ್ಟು ಇಳಿಸಿಕೊಂಡದ್ದು. ನಾಲ್ಕರ ಹಿಂಬದಿಯಲ್ಲೂ ಬರೆದಿರುವುದು ಒಂದೇ: ಮೂಲ ಹಿಟ್.

ಹಳೆ ಹಾಡುಗಳ ಸಿಡಿ ಕೂಡಿಡುವವರು ಯಾಕೆ ಅಷ್ಟು ಜಗಳಗಂಟರು ಎಂದು ಹೊರಗಿನವರು ಕೇಳುವುದುಂಟು. ಕಾರಣ ಇದೇ. ಅವರು ಹುಡುಕುತ್ತಿರುವುದು ಬರೀ ಹಾಡನ್ನಲ್ಲ. ಆ ಕಾಲದಲ್ಲಿ ರೇಡಿಯೊದಲ್ಲಿ ಬಂದ, ಜೂಕ್‌ಬಾಕ್ಸ್‌ನಲ್ಲಿ ತಿರುಗಿದ ಅದೇ ಎರಡೂವರೆ ನಿಮಿಷವನ್ನು. ಆ ಎರಡೂವರೆ ನಿಮಿಷ ಎಲ್ಲಿ ಹೋಯಿತು ಎಂಬುದು ಸ್ವಲ್ಪ ಗೋಜಲಿನ ಕಥೆ.

1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್ ತಟ್ಟೆಯನ್ನು, ಅಂದರೆ ಒಂದೊಂದು ಬದಿಗೆ ಒಂದೇ ಹಾಡಿನ ರೆಕಾರ್ಡನ್ನು ತಂದಿತು. ಮುಂದಿನ ಇಪ್ಪತ್ತು ವರ್ಷ ಪಾಪ್ ಸಂಗೀತ ಬದುಕಿದ್ದು ಆ ಪುಟ್ಟ ತಟ್ಟೆಯ ಮೇಲೆ. 1958ರಲ್ಲಿ ಎರಡು ಕಿವಿಗೆ ಬೇರೆ ಬೇರೆ ದನಿ ಕೊಡುವ ಸ್ಟೀರಿಯೊ ಎಲ್‌ಪಿಗಳು (ಹಲವು ಹಾಡುಗಳ ದೊಡ್ಡ ತಟ್ಟೆಗಳು) ಅಂಗಡಿಗೆ ಬಂದವು, ಆದರೆ ಸಿಂಗಲ್‌ಗಳು ಹೆಚ್ಚುಕಡಿಮೆ 1968ರವರೆಗೂ ಎರಡೂ ಕಿವಿಗೆ ಒಂದೇ ದನಿ ಕೊಡುವ ಮೊನೊದಲ್ಲೇ ಉಳಿದವು. ಎಎಂ ರೇಡಿಯೊ ಮೊನೊ, ಹುಡುಗರ ಕೈಯ ಟ್ರಾನ್ಸಿಸ್ಟರ್ ಮೊನೊ. ಹಾಗಾಗಿ ಸ್ಟುಡಿಯೊದಲ್ಲಿ ಎಂಜಿನಿಯರುಗಳು ಬೆವರು ಸುರಿಸಿದ್ದು ದನಿ, ವಾದ್ಯಗಳನ್ನೆಲ್ಲ ಹದವಾಗಿ ಸೇರಿಸುವ ಮೊನೊ ಮಿಶ್ರಣಕ್ಕೆ. ಎಲ್‌ಪಿಗೆ ಬೇಕಾದ ಸ್ಟೀರಿಯೊ ಎಷ್ಟೋ ಸಲ ಆಮೇಲೆ, ಅವಸರದಲ್ಲಿ ಆದ ಕೆಲಸ. ಅದರಲ್ಲಿ ಕೋರಸ್ ಬಿಟ್ಟುಹೋಗಿರಬಹುದು, ಬೇರೆ ಟೇಕ್ (ಅದೇ ಹಾಡನ್ನು ಸ್ಟುಡಿಯೊದಲ್ಲಿ ಇನ್ನೊಮ್ಮೆ ಹಾಡಿದ್ದು) ಸೇರಿರಬಹುದು, ಕೊನೆಗೆ ದನಿ ಇಳಿಯುವ ಜಾಗ ಬದಲಾಗಿರಬಹುದು.

ಇನ್ನು ಕತ್ತರಿ. ರೇಡಿಯೊ ಕೇಂದ್ರಗಳಿಗೆ ಉದ್ದದ ಹಾಡು ಆಗುತ್ತಿರಲಿಲ್ಲ. 1967ರಲ್ಲಿ ಡೋರ್ಸ್ ತಂಡದ 'ಲೈಟ್ ಮೈ ಫೈರ್' ಎಲ್‌ಪಿಯಲ್ಲಿ ಸುಮಾರು ಏಳು ನಿಮಿಷವಿತ್ತು. ಸಿಂಗಲ್‌ನಲ್ಲಿ ಮೂರು ನಿಮಿಷದ ಒಳಗೆ ಬಂತು. ಕತ್ತರಿಸಲು ಮನಸ್ಸಿಲ್ಲದವರು ಸುಳ್ಳು ಬರೆದದ್ದೂ ಉಂಟು. ರೈಚಸ್ ಬ್ರದರ್ಸ್ ಅವರ 1964ರ ದೊಡ್ಡ ಹಿಟ್‌ನ ಲೇಬಲ್ ಮೇಲೆ 3:05 ಎಂದು ಅಚ್ಚಾಗಿದೆ. ಹಾಕಿ ನೋಡಿದರೆ ಸುಮಾರು 3:45 ಓಡುತ್ತದೆ. ಲೇಬಲ್ ನೋಡಿ ಉದ್ದ ನಂಬಬಾರದು ಎಂಬುದು ಸಂಗ್ರಹಕಾರರು ಕಲಿಯುವ ಮೊದಲ ಪಾಠ.

ಹಾಡು ಹಿಟ್‌ಗಳ ಪಟ್ಟಿಯಿಂದ ಇಳಿದ ಮೇಲೆ, ಸಿಂಗಲ್ ಒತ್ತಲು ಬಳಸಿದ ಮೊನೊ ಟೇಪ್ ಯಾರಿಗೂ ಬೇಡವಾಯಿತು. ಸಣ್ಣ ಕಂಪನಿಗಳು ಮುಚ್ಚಿದವು. ಅವುಗಳ ಟೇಪ್‌ಗಳು ಕೈಯಿಂದ ಕೈಗೆ ಹೋದವು, ಕೆಲವು ಕಸಕ್ಕೂ ಹೋದವು. ದೊಡ್ಡ ಕಂಪನಿಗಳಲ್ಲಿ ಸ್ಟೀರಿಯೊವೇ ಮುಂದಿನ ಕಾಲದ್ದು ಎಂದು ಮೊನೊ ಹಿಂದಿನ ಸಾಲಿಗೆ ಸರಿಯಿತು. 1978ರಲ್ಲಿ ನ್ಯೂಜೆರ್ಸಿಯ ಒಂದು ಗೋದಾಮಿನಲ್ಲಿ, 2008ರಲ್ಲಿ ಹಾಲಿವುಡ್‌ನ ಒಂದು ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿದ್ದು ಟೇಪ್‌ಗಳು ಸುಟ್ಟವು. ಬೆಂಕಿಯ ಸುದ್ದಿ ಪತ್ರಿಕೆಗೆ ಬರುತ್ತದೆ. ಕಪಾಟು ಖಾಲಿ ಮಾಡಲು ಎಸೆದದ್ದು ಬರುವುದಿಲ್ಲ, ಅಲ್ವಾ?

70ರ ದಶಕದಲ್ಲಿ ಟಿವಿ ಜಾಹೀರಾತಿನ ಮೂಲಕ ಮಾರಿದ ಎಲ್‌ಪಿಗಳು ಬಂದವು. ಒಂದೇ ತಟ್ಟೆಯಲ್ಲಿ ಇಪ್ಪತ್ತು ಹಾಡು ತುರುಕಲು ಹಾಡುಗಳನ್ನೇ ಮೊಟಕು ಮಾಡುತ್ತಿದ್ದರು. ಅದರ ಬಗ್ಗೆ ಇಷ್ಟು ಸಾಕು.

1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂತು. ಮೊದಲ ಕೆಲವು ವರ್ಷ ಹಳೆ ಹಾಡುಗಳ ಪಾಡು ಹೇಳತೀರದು. ಕೈಗೆ ಸಿಕ್ಕ ಟೇಪನ್ನು ಸಿಡಿಗೆ ಹಾಕಿದರು. ಕೈಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಎಲ್‌ಪಿ ಒತ್ತಲು ಮಾಡಿಟ್ಟ ನಕಲು, ಅಥವಾ ಆ ನಕಲಿನ ನಕಲು. ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್‌ಗಳ ಅಗ್ಗದ ಸಿಡಿಗಳಲ್ಲಂತೂ ಮೂಲ ರೆಕಾರ್ಡಿಂಗೇ ಇರುತ್ತಿರಲಿಲ್ಲ. ಗಾಯಕರಿಗೆ ತಮ್ಮ ಹಳೆ ರೆಕಾರ್ಡಿಂಗ್ ಮೇಲೆ ಹಕ್ಕಿಲ್ಲ, ಅದು ಕಂಪನಿಯದು. ಒಪ್ಪಂದದಲ್ಲಿ ಹೇಳಿದಷ್ಟು ವರ್ಷ ಕಳೆದ ಮೇಲೆ ಅದೇ ಹಾಡನ್ನು ಬೇರೆಯವರಿಗೆ ಮತ್ತೆ ಹಾಡಿಕೊಟ್ಟರೆ ಒಂದಿಷ್ಟು ಕಾಸು ಸಿಗುತ್ತಿತ್ತು. ಅವರನ್ನು ದೂರುವುದು ಹೇಗೆ? ಆದರೆ ಸಿಡಿ ಕವರಿನ ಮುಂದೆ ಗಾಯಕರ ಹದಿಹರೆಯದ ಫೋಟೊ ಇರುತ್ತಿತ್ತು. 'ಇವು ಹೊಸದಾಗಿ ಹಾಡಿದವು' ಎಂಬ ಸಾಲು ಹಿಂಬದಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ. ನಾನು ಹೀಗೆ ಮೂರು ಸಿಡಿ ಕೊಂಡು ಮೋಸಹೋದ ಮೇಲೆಯೇ ಭೂತಗನ್ನಡಿ ಕೊಂಡದ್ದು.

80ರ ದಶಕದ ಕೊನೆಯಿಂದ 2000ದ ಆಸುಪಾಸಿನವರೆಗೆ ಗಾಳಿ ಬದಲಾಯಿತು. ನನ್ನ ಕಪಾಟಿನ ಮುಕ್ಕಾಲು ಪಾಲು ಆ ಕಾಲದ್ದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡ್ ಅಂಗಡಿಯಾಗಿ ಶುರುವಾದ ರೈನೊ, ಬ್ರಿಟನ್ನಿನ ಏಸ್, ಜರ್ಮನಿಯ ಬೇರ್ ಫ್ಯಾಮಿಲಿ. ಈ ಮೂರೂ 70ರ ದಶಕದಲ್ಲಿ ಹುಟ್ಟಿದ ಲೇಬಲ್‌ಗಳು, ಅಂದರೆ ರೆಕಾರ್ಡ್ ಹೊರತರುವ ಕಂಪನಿಗಳು. ಇವುಗಳ ಒಳಗೆ ಕೂತಿದ್ದವರು ಸ್ವತಃ ರೆಕಾರ್ಡ್ ಹುಚ್ಚಿನವರು. ಎಲ್‌ಪಿಯಲ್ಲಿರುವ ಹಾಡಿಗೂ ಸಿಂಗಲ್‌ಗೂ ವ್ಯತ್ಯಾಸ ಏನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1991ರಲ್ಲಿ ಏಸ್ ಶುರುಮಾಡಿದ ಅಮೆರಿಕನ್ ರಾಕ್ ಅಂಡ್ ರೋಲ್ ಸರಣಿಯನ್ನೇ ನೋಡಿ. ಒಂದೊಂದು ಸಿಡಿಯಲ್ಲಿ 30 ಹಾಡು. ಹಿಟ್ ಆದ ಸಿಂಗಲ್ ರೂಪವೇ ಇರಬೇಕೆಂಬ ಹಟ. ಜೊತೆಗೆ ಯಾವ ಹಾಡು ಯಾವ ಲೇಬಲ್‌ನದು, ಪಟ್ಟಿಯಲ್ಲಿ ಎಷ್ಟು ಮೇಲೇರಿತು ಎಂದೆಲ್ಲ ಹೇಳುವ ಪುಸ್ತಿಕೆ. ರೈನೊ 70ರ ದಶಕದ ಹಾಡುಗಳಿಗೆಂದೇ 25 ಸಿಡಿಗಳ ಸರಣಿ ತಂದಿತು. ಒಂದೇ ಹಿಟ್ ಕೊಟ್ಟು ಮರೆಯಾದವರೂ ಅದರಲ್ಲಿ ಉಳಿದುಕೊಂಡರು. ಆಮೇಲೆ ಎರಿಕ್ ರೆಕಾರ್ಡ್ಸ್ ಎಂಬ ಸಣ್ಣ ಲೇಬಲ್, ಸಿಡಿಯಲ್ಲಿ ಸಿಗುವುದೇ ಕಷ್ಟವಾಗಿದ್ದ ಸಿಂಗಲ್‌ಗಳನ್ನೇ ಹೆಕ್ಕಿ ಒಂದು ಸರಣಿ ಮಾಡಿತು.

ಈ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. 30 ಹಾಡಿನ ಒಂದು ಸಿಡಿಗೆ ಹತ್ತಾರು ಹಕ್ಕುದಾರರ ಹತ್ತಿರ ಅನುಮತಿ ಕೇಳಬೇಕು. ಹಕ್ಕು ಯಾರದು ಎಂದು ಮೊದಲು ಪತ್ತೆ ಮಾಡಬೇಕು. ಆಮೇಲೆ ಟೇಪ್. ಡಬ್ಬಿಯ ಮೇಲೆ 'ಮಾಸ್ಟರ್', ಅಂದರೆ ಮೂಲ ಟೇಪ್, ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಮಾಸ್ಟರ್ ಇರಬೇಕೆಂದಿಲ್ಲ. ಹಾಕಿ ಕೇಳಿ, ಸಿಂಗಲ್ ಜೊತೆ ಹೋಲಿಸಿ ನೋಡಬೇಕು. ಟೇಪ್ ಸಿಗದಿದ್ದರೆ ಹೆಚ್ಚು ಬಳಸದ ಒಂದು ಸಿಂಗಲ್ ಹುಡುಕಿ, ತೊಳೆದು, ಅದರಿಂದ ಇಳಿಸಿ, ಚಟಪಟ ಸದ್ದುಗಳನ್ನು ಒಂದೊಂದಾಗಿ ಅಳಿಸಬೇಕು. ಸದ್ದು ತೆಗೆಯುವ ಡಿಜಿಟಲ್ ಸಲಕರಣೆ ಹೊಸದಾಗಿ ಬಂದಾಗ ಕೆಲವರು ಅದನ್ನು ವಿಪರೀತ ಬಳಸಿ ತಾಳದ ಝಣತ್ಕಾರವನ್ನೂ ಅಳಿಸಿಬಿಟ್ಟರು. ಅಂಥ ಸಿಡಿಗಳು ಕಂಬಳಿಯೊಳಗಿಂದ ಹಾಡಿದಂತೆ ಕೇಳುತ್ತವೆ.

ಎಲ್ಲ ಬೀಗಗಳೂ ತೆಗೆಯಲಿಲ್ಲ. ಫಿಲಡೆಲ್ಫಿಯಾದ ಕ್ಯಾಮಿಯೊ-ಪಾರ್ಕ್‌ವೇ ಲೇಬಲ್‌ನ ಹಾಡುಗಳು 2005ರವರೆಗೂ ಸರಿಯಾಗಿ ಸಿಡಿಯಾಗಿ ಬರಲಿಲ್ಲ. ಚಬ್ಬಿ ಚೆಕರ್ ಅವರ 'ದ ಟ್ವಿಸ್ಟ್' 1960ರಲ್ಲಿ ಒಮ್ಮೆ, 1962ರಲ್ಲಿ ಮತ್ತೊಮ್ಮೆ ಅಮೆರಿಕದ ನಂಬರ್ ಒನ್ ಆದ ಹಾಡು. ಸಿಡಿ ಯುಗದ ಮೊದಲ ಎರಡು ದಶಕ ಜನರಿಗೆ ಸಿಕ್ಕಿದ್ದು ಬಹುತೇಕ ಅದರ ಮರುಹಾಡಿಕೆ. ಹಕ್ಕು ಇದ್ದವರಿಗೆ ಅವರವರ ಲೆಕ್ಕಾಚಾರ ಇದ್ದಿರಬಹುದು. ಕಾದವರಿಗೆ ವಯಸ್ಸಾಯಿತು ಅಷ್ಟೇ.

ಇದೇ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ಬಾಗಿಲು ತೆರೆದುಕೊಂಡಿತು. ಅಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು 50 ವರ್ಷಕ್ಕೆ ಮುಗಿಯುತ್ತಿತ್ತು. 2013ರ ನವೆಂಬರ್‌ನಿಂದ ಅದು 70 ವರ್ಷಕ್ಕೆ ಏರಿತು, ಆದರೆ ಅಷ್ಟರಲ್ಲಾಗಲೇ ಮುಗಿದಿದ್ದ ಹಕ್ಕು ವಾಪಸ್ ಬರಲಿಲ್ಲ. ಅಂದರೆ 1962ರ ಕೊನೆಯವರೆಗೆ ಬಿಡುಗಡೆಯಾದವು ಅಲ್ಲಿ ಯಾರು ಬೇಕಾದರೂ ಒತ್ತಬಹುದು, 1963ರಿಂದ ಆಚೆಯವು ಮುಟ್ಟುವ ಹಾಗಿಲ್ಲ. ಬೀಟಲ್ಸ್‌ನ ಮೊದಲ ಸಿಂಗಲ್ ಗೆರೆಯ ಈಚೆ, ಮೊದಲ ಎಲ್‌ಪಿ ಗೆರೆಯ ಆಚೆ! ಅಮೆರಿಕದಲ್ಲಿ ಲೆಕ್ಕವೇ ಬೇರೆ. 2018ರ ಕಾನೂನಿನ ಪ್ರಕಾರ 1957ರಿಂದ 1972ರ ಫೆಬ್ರುವರಿ ಮಧ್ಯದವರೆಗಿನ ರೆಕಾರ್ಡಿಂಗ್‌ಗಳಿಗೆ 2067ರ ತನಕ ರಕ್ಷಣೆ ಇದೆ.

ಯುರೋಪಿನ ಆ ಗೆರೆಯ ಈಚೆಗೆ ಅಗ್ಗದ ಪೆಟ್ಟಿಗೆಗಳ ಪ್ರವಾಹವೇ ಬಂತು. ನಾಲ್ಕು ಸಿಡಿ, ನೂರು ಹಾಡು. ಅವುಗಳಲ್ಲಿ ಒಳ್ಳೆಯವೂ ಇವೆ. ಯಾರೂ ಕಣ್ಣೆತ್ತಿ ನೋಡದ ಹಾಡುಗಳು ಮೊದಲ ಬಾರಿಗೆ ಸಿಡಿಗೆ ಬಂದದ್ದು ಹೀಗೆಯೇ. ಆದರೆ ಹಾಡಿನ ಹಕ್ಕು ಮುಗಿದಿದೆ ಅಂದರೆ ಟೇಪ್ ಕೈಗೆ ಸಿಕ್ಕಿತು ಅಂತಲ್ಲ. ಹಾಗಾದರೆ ಇವರಿಗೆ ಹಾಡು ಸಿಕ್ಕಿದ್ದು ಎಲ್ಲಿಂದ? ಮೊದಲೇ ಬಂದ ಒಂದು ಸಿಡಿಯಲ್ಲಿ ಎರಡನೇ ಚರಣದ ಹತ್ತಿರ ಟೇಪ್ ಒಂದು ಕ್ಷಣ ಮುಗ್ಗರಿಸುತ್ತದೆ. ಅಗ್ಗದ ಪೆಟ್ಟಿಗೆಯಲ್ಲೂ ಅದೇ ಜಾಗದಲ್ಲಿ ಅದೇ ಮುಗ್ಗರಿಕೆ. ನೀವೇ ಊಹಿಸಿಕೊಳ್ಳಿ.

ಸಿಡಿ ಮಾರುಕಟ್ಟೆ ಕುಸಿದದ್ದು ಇನ್ನೊಂದು ತೊಡಕು ತಂದಿತು. ಅಮೆರಿಕದಲ್ಲಿ 2000ದಲ್ಲಿ 94 ಕೋಟಿ ಸಿಡಿ ಹೊರಬಂದಿದ್ದವು. 2022ರ ಹೊತ್ತಿಗೆ ಅದು 3.3 ಕೋಟಿಗೆ ಇಳಿದಿತ್ತು. ಇಂಥ ಸಂಗ್ರಹಗಳಿಗೆ ಅನುಮತಿ ಸಿಗುವುದು ಕೆಲವೇ ವರ್ಷದ ಮಟ್ಟಿಗೆ. ಅವಧಿ ಮುಗಿದರೆ ಮತ್ತೆ ಒತ್ತುವ ಹಾಗಿಲ್ಲ, ಮತ್ತೆ ಹತ್ತಾರು ಬಾಗಿಲು ತಟ್ಟುವಷ್ಟು ಲಾಭವೂ ಇಲ್ಲ. ಹಾಗಾಗಿ ಅಪರೂಪದ ಹಾಡನ್ನು ಎಲ್ಲರ ಕೈಗೆ ಕೊಡಲು ಬಂದ ಸಿಡಿಯೇ ಈಗ ಅಪರೂಪ. ಹಳೆ ಸಿಂಗಲ್‌ಗಿಂತ ಅದು ಇರುವ ಸಿಡಿಗೇ ಬೆಲೆ ಜಾಸ್ತಿ ಆದದ್ದನ್ನೂ ನೋಡಿದ್ದೇನೆ. ಜೊತೆಗೆ 1988ರಿಂದ 1993ರ ನಡುವೆ ಬ್ರಿಟನ್ನಿನ ಒಂದು ಕಾರ್ಖಾನೆಯಲ್ಲಿ ಒತ್ತಿದ ಕೆಲವು ಸಿಡಿಗಳು ಅಂಚಿನಿಂದ ಒಳಕ್ಕೆ ಕಂದು ಬಣ್ಣಕ್ಕೆ ತಿರುಗಿ ಕೆಡುತ್ತಿವೆ. ಮೇಲೆ ಬಳಿದ ಮೆರುಗು, ಕವರಿನ ಕಾಗದದಲ್ಲಿದ್ದ ಗಂಧಕವನ್ನು ತಡೆಯಲಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಎಲ್ಲವೂ ಸಿಗುತ್ತದಲ್ಲ ಎನ್ನಬಹುದು. ಹಾಡು ಸಿಗುತ್ತದೆ. ಯಾವ ರೂಪ ಎಂದು ಅಲ್ಲಿ ಬರೆದಿರುವುದು ಕಡಿಮೆ. ಇರುವೆಗಾತ್ರದ ಅಕ್ಷರವೂ ಇಲ್ಲ.

ಈಚಿನ ಜಗಳ ಹೊಸ ಸ್ಟೀರಿಯೊದ್ದು. ಮೊನೊ ರೆಕಾರ್ಡಿಂಗ್‌ನಿಂದಲೇ ದನಿ, ಗಿಟಾರ್, ಡ್ರಮ್‌ಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್ ಬಂದಿದೆ. ಬೀಟಲ್ಸ್‌ನ 'ರಿವಾಲ್ವರ್' 2022ರಲ್ಲಿ ಹೊಸ ಮಿಶ್ರಣದಲ್ಲಿ ಬಂದದ್ದು ಇಂಥ ತಂತ್ರದಿಂದಲೇ. ಸಣ್ಣ ಲೇಬಲ್‌ಗಳೂ 'ಮೊದಲ ಬಾರಿಗೆ ಸ್ಟೀರಿಯೊದಲ್ಲಿ' ಎಂದು 50ರ ದಶಕದ ಹಾಡುಗಳನ್ನು ತರುತ್ತಿವೆ. ಕೇಳಲು ಮಜಾ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಆ ಹಾಡು ಆಗ ಯಾರಿಗೂ ಹಾಗೆ ಕೇಳಿರಲಿಲ್ಲ. ಹೊಸ ಸ್ಟೀರಿಯೊ ಬಂತೆಂದು ಹಳೆ ಮೊನೊವನ್ನು ಸುಮ್ನೆ ಕೈಬಿಟ್ಟರೆ, ಎಲ್‌ಪಿ ಕಾಲದಲ್ಲಿ ಆದದ್ದೇ ಮತ್ತೆ ಆಗುತ್ತದೆ.

ಅದಕ್ಕೇ ಈ ಹುಚ್ಚು ಹಿಡಿದವರು ಇಂದಿಗೂ ಕಂಪ್ಯೂಟರಿನಲ್ಲಿ ಒಂದು ಕಿವಿಗೆ ಸಿಂಗಲ್, ಇನ್ನೊಂದು ಕಿವಿಗೆ ಸಿಡಿ ಹಾಕಿ ಕೂರುತ್ತಾರೆ. ಒಂದೇ ಟೇಕ್ ಆದರೆ ದನಿ ತಲೆಯ ನಡುಮಧ್ಯದಲ್ಲಿ ನಿಲ್ಲುತ್ತದೆ. ವೇಗ ಕೂದಲೆಳೆಯಷ್ಟು ಬೇರೆಯಾದರೂ ದನಿ ನಿಧಾನವಾಗಿ ಒಂದು ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಸರಿಯಾಗಿ ಹೋಗಿ, ಕೊನೆಯ ಐದು ಸೆಕೆಂಡಿನಲ್ಲಿ ಒಂದು ಕಿವಿಯಲ್ಲಿ ಹಾಡು ಇಳಿದುಹೋಗಿ ಇನ್ನೊಂದರಲ್ಲಿ ಇನ್ನೂ ನಡೆಯುತ್ತಿದ್ದರೆ, ಸಿಡಿ ವಾಪಸ್ ಕಪಾಟಿಗೆ. ಹುಡುಕಾಟ ಮತ್ತೆ ಮೊದಲಿನಿಂದ.