ಕಪ್ಪು ಟ್ರಫಲ್: ಬಿಸಿ ಎಷ್ಟು ಬೇಕು?

ಟ್ರಫಲ್ ಅಂದ ಕೂಡಲೇ "ದುಬಾರಿ ಅಣಬೆ" ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗುತ್ತೇವೆ. ಅಡುಗೆ ಕಲಿಯುವವರಿಗೆ ಅಷ್ಟು ಸಾಲದು. ಇಟಲಿಯ ಅಡುಗೆಮನೆಯಲ್ಲಿ ಬಿಳಿ ಟ್ರಫಲ್ ಬಳಸುವ ರೀತಿಯೇ ಬೇರೆ, ಕಪ್ಪು ಟ್ರಫಲ್ ಬಳಸುವ ರೀತಿಯೇ ಬೇರೆ. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಆಲ್ಬಾ ಕಡೆಯ ಬಿಳಿಯದನ್ನು ಬೇಯಿಸುವುದಿಲ್ಲ. ಊಟದ ತಟ್ಟೆಯ ಮೇಲೆ ಹಸಿಯಾಗಿಯೇ ತೆಳ್ಳಗೆ ತುರಿಯುತ್ತಾರೆ. ಕಪ್ಪಿಗೆ ಸ್ವಲ್ಪ ಬಿಸಿ ತಾಗಬೇಕು, ಆಗಲೇ ಅದರ ಪರಿಮಳ ಬಿಚ್ಚಿಕೊಳ್ಳುತ್ತದೆ.

ಕಪ್ಪು ಟ್ರಫಲ್‌ನ ಊರು ಅಂದರೆ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ನೋರ್ಚಾ ಮತ್ತು ಸ್ಪೊಲೇತೊ ಸುತ್ತಮುತ್ತ. ಶಾಸ್ತ್ರೀಯ ಹೆಸರು ಟ್ಯೂಬರ್ ಮೆಲನೋಸ್ಪೋರಮ್. 1831ರಲ್ಲಿ ವಿತ್ತಾದೀನಿ ಎಂಬ ಇಟಲಿಯ ವಿಜ್ಞಾನಿ ಇದನ್ನು ವಿವರಿಸಿದರು. ಫ್ರಾನ್ಸಿನವರ ಪೆರಿಗೋರ್ ಟ್ರಫಲ್ ಕೂಡ ಇದೇ, ಗೊಂದಲ ಬೇಡ. ಇದು ಓಕ್, ಹೇಜಲ್ ಮರಗಳ ಬೇರಿಗೆ ಅಂಟಿಕೊಂಡು ಸುಣ್ಣದ ಮಣ್ಣಿನೊಳಗೆ ಬೆಳೆಯುತ್ತದೆ. ಮರ ಇದಕ್ಕೆ ಸಕ್ಕರೆ ಕೊಡುತ್ತದೆ, ಇದು ಮರಕ್ಕೆ ನೀರು, ಖನಿಜ ಎಳೆದು ಕೊಡುತ್ತದೆ. ಅಂಥ ಮರದ ಸುತ್ತ ಹುಲ್ಲು ಸರಿಯಾಗಿ ಬರುವುದಿಲ್ಲ, ನೆಲ ಸುಟ್ಟ ಹಾಗೆ ಬೋಳಾಗಿ ಕಾಣುತ್ತದೆ. ಕರಾವಳಿಯವರಿಗೆ ಮಳೆಗಾಲದ ಕಲ್ಲಣಬೆ ನೆನಪಾಗುತ್ತೆ ಅಲ್ವಾ? ಅದಕ್ಕೂ ಮರದ ಬೇರಿನ ನಂಟಿದೆ, ಆದರೆ ಜಾತಿ ಬೇರೆ.

ಹುಡುಕುವುದು ನಾಯಿಯ ಕೆಲಸ. ಹಂದಿ ಹಿಡಿದು ಹೋಗುವ ಚಿತ್ರ ಎಲ್ಲ ಕಡೆ ಇದೆ, ಹಾಗಂತ ಬರೆಯಬೇಡಿ. 1985ರ ಕಾನೂನಿನಂತೆ ಇಟಲಿಯಲ್ಲಿ ಪರವಾನಗಿ ಬೇಕು, ತರಬೇತಾದ ನಾಯಿ ಬೇಕು, ಅಗೆದ ಗುಂಡಿಯನ್ನು ಕೂಡಲೇ ಮುಚ್ಚಬೇಕು. ಈ ಜಾತಿಯನ್ನು ಕೀಳಲು ಆ ಕಾನೂನು ಕೊಟ್ಟ ಕಾಲ ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಬಲಿಯದ ಟ್ರಫಲ್‌ಗೆ ವಾಸನೆಯೇ ಇರುವುದಿಲ್ಲ, ಹಾಗಾಗಿ ನಾಯಿ ಬಲಿತದ್ದನ್ನೇ ತೋರಿಸುತ್ತದೆ. ಕಾಡಿಗೂ ಒಳ್ಳೆಯದು, ಅಡುಗೆಯವನಿಗೂ ಒಳ್ಳೆಯದು. 2021ರಲ್ಲಿ ಈ ಹುಡುಕಾಟದ ವಿದ್ಯೆ ಯುನೆಸ್ಕೋ ಪಟ್ಟಿಗೂ ಸೇರಿತು.

ಈಗ ಒಲೆಯ ಹತ್ತಿರ ಬನ್ನಿ. ಉಂಬ್ರಿಯಾದಲ್ಲಿ ಸ್ತ್ರಂಗೊತ್ಸಿ ಎಂಬ ಪಾಸ್ತಾ ಇದೆ. ಬರೀ ಹಿಟ್ಟು ಮತ್ತು ನೀರು. ಮೊಟ್ಟೆ ಇಲ್ಲ. ನಮ್ಮ ಕಣ್ಣಿಗೆ ಬಡವರ ಊಟ, ಅದರ ಮೇಲೆ ಟ್ರಫಲ್! ಆಲಿವ್ ಎಣ್ಣೆಯನ್ನು ಸಣ್ಣ ಉರಿಯಲ್ಲಿಟ್ಟು ಜಜ್ಜಿದ ಬೆಳ್ಳುಳ್ಳಿ ಎಸಳು ಹಾಕುತ್ತಾರೆ. ಕೆಂಪಾಗುವ ಮೊದಲೇ ಅದನ್ನು ತೆಗೆದುಬಿಡುತ್ತಾರೆ. ಆಂಚೊವಿ ಎಂಬ ಚಿಕ್ಕ ಉಪ್ಪುಮೀನು ಹಾಕಿದರೆ ಅದು ಎಣ್ಣೆಯಲ್ಲೇ ಕರಗಿಹೋಗುತ್ತದೆ. ಆಮೇಲೆ ಬಾಣಲೆ ಕೆಳಗಿಳಿಸಿ, ತುರಿದ ಟ್ರಫಲ್ ಸೇರಿಸುತ್ತಾರೆ. ಎಣ್ಣೆ ಚುರುಗುಟ್ಟಿತು ಅಂದರೆ ಕೆಟ್ಟಿತು ಅಂತಲೇ ಲೆಕ್ಕ. ಪರಿಮಳದ ಅಂಶಗಳು ಬೇಗ ಹಾರಿಹೋಗುವಂಥವು, ಆದರೆ ಕೊಬ್ಬು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗ್ಗರಣೆ ಕೈಯವರಾದ ನಮಗೆ ಇಲ್ಲೇ ಎಡವಟ್ಟಾಗುವುದು. ಚಟಪಟ ಅನ್ನದೆ ಮನಸ್ಸು ಒಪ್ಪುವುದಿಲ್ಲ.

ಎಣ್ಣೆಯಂತೆ ಮೊಟ್ಟೆಯ ಕೊಬ್ಬೂ ಪರಿಮಳ ಹಿಡಿದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಟ್ರಫಲ್ ಜೊತೆ ಹಸಿ ಮೊಟ್ಟೆ ಇಟ್ಟರೆ, ಚಿಪ್ಪು ದಾಟಿ ವಾಸನೆ ಒಳಗೆ ಹೋಗುತ್ತದೆ. ಮಾರನೇ ದಿನ ಸುಮ್ನೆ ಆಮ್ಲೆಟ್ ಮಾಡಿದರೂ ಗೊತ್ತಾಗುತ್ತೆ.

ಗುರುತು ಹಿಡಿಯಲು ಕೊಯ್ದು ನೋಡಿ. ಒಳಗೆ ನೇರಳೆಗಪ್ಪು, ಅದರಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು. ಒಳಗೆ ತಿಳಿ ಕಂದು ಇದ್ದರೆ ಅದು ಸ್ಕೊರ್ತ್ಸೋನೆ, ಅಂದರೆ ಬೇಸಿಗೆಯ ಟ್ರಫಲ್. ಹೊರಗೆ ಅದೂ ಕಪ್ಪೇ, ಆದರೆ ಪರಿಮಳ ಮೆತ್ತಗೆ, ಬೆಲೆಯೂ ಕಡಿಮೆ. ಮೆನುವಿನಲ್ಲಿ "ಕಪ್ಪು ಟ್ರಫಲ್" ಎಂದಷ್ಟೇ ಇದ್ದರೆ ಎರಡರಲ್ಲಿ ಯಾವುದು ಎಂದು ಕೇಳಿ, ನಾಚಿಕೆ ಬೇಡ.

ಅಂಗಡಿಯ ಟ್ರಫಲ್ ಎಣ್ಣೆ ಮೂಸಿ ಟಿಪ್ಪಣಿ ಬರೆದುಕೊಳ್ಳಬೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ಕಾರ್ಖಾನೆಯಲ್ಲಿ ಮಾಡಿದ ಗಂಧಕದ ಒಂದು ಸಂಯುಕ್ತ. ಅದು ಅನುಕರಿಸುವುದೂ ಬಿಳಿ ಟ್ರಫಲ್‌ನ ವಾಸನೆಯನ್ನೇ, ಕಪ್ಪಿನದ್ದನ್ನಲ್ಲ.