ಫ್ಯಾಟಿ ಲಿವರ್: ಶುಗರ್ ಇರುವವರ ರಿಪೋರ್ಟಿನಲ್ಲಿ ಈ ಪದ ಕಂಡರೆ

ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದು ಬೇರೆ ಯಾವುದಕ್ಕೋ. ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಒಂದು ಸಾಲು. ‘ಅದು ಎಲ್ಲರಿಗೂ ಇರುತ್ತೆ ಬಿಡಿ’ ಅಂತ ಯಾರೋ ಹೇಳುತ್ತಾರೆ. ಫೈಲು ಬೀರು ಸೇರುತ್ತದೆ. ಶುಗರ್ ಇರುವವರು ಆ ಸಾಲನ್ನು ಹಾಗೆ ಸುಮ್ನೆ ದಾಟಿ ಹೋಗಬಾರದು.

ಲಿವರ್ ಅಂದರೆ ಯಕೃತ್ತು. ಬಲಗಡೆ ಪಕ್ಕೆಲುಬಿನ ಮರೆಯಲ್ಲಿರುವ, ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುವ ಅಂಗ. ಅದರ ಜೀವಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚಿನವುಗಳೊಳಗೆ ಕೊಬ್ಬಿನ ಹನಿ ಕೂತಿದ್ದರೆ ಅದೇ ಫ್ಯಾಟಿ ಲಿವರ್. ಮದ್ಯ ಮುಟ್ಟದವರಿಗೂ ಬರುತ್ತದೆ. ಟೈಪ್ 2 ಮಧುಮೇಹ ಇರುವವರಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇರುತ್ತದೆ.

ಯಾಕೆ ಹೀಗೆ? ಟೈಪ್ 2ರಲ್ಲಿ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಮೈಯಲ್ಲಿ ಶೇಖರವಾಗಿದ್ದ ಕೊಬ್ಬು ಇದ್ದಲ್ಲಿ ಇರದೆ ರಕ್ತಕ್ಕೆ ಇಳಿದು ಲಿವರ್ ಸೇರುತ್ತದೆ. ಮೇಲಿಂದ, ಮಿಕ್ಕ ಸಕ್ಕರೆಯನ್ನೂ ಲಿವರ್ ಕೊಬ್ಬು ಮಾಡಿಟ್ಟುಕೊಳ್ಳುತ್ತದೆ. ಅಷ್ಟಾಗಿಯೂ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುವುದನ್ನು ನಿಲ್ಲಿಸುವುದಿಲ್ಲ. ರಾತ್ರಿ ಮಿತವಾಗಿ ಉಂಡು ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಏರಿರುತ್ತದಲ್ವಾ? ಅದರಲ್ಲಿ ಲಿವರ್‌ನ ಪಾಲು ದೊಡ್ಡದು.

ಇನ್ನು ಆ ‘ಗ್ರೇಡ್’. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಸ್ಕ್ಯಾನಿನ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ ಮಾತ್ರ. ನಿಜವಾಗಿ ಕೇಳಬೇಕಾದ ಪ್ರಶ್ನೆ, ಲಿವರ್ ಗಟ್ಟಿಯಾಗುತ್ತಿದೆಯೇ ಅನ್ನುವುದು. ಕೊಬ್ಬಿನಿಂದ ಕೆಲವರ ಲಿವರ್‌ನಲ್ಲಿ ಉರಿಯೂತ ಶುರುವಾಗುತ್ತದೆ. ಗಾಯ ಮಾಗಿದ ಜಾಗದಲ್ಲಿ ಕಲೆ ಉಳಿಯುವ ಹಾಗೆ ಅಲ್ಲಿ ನಾರು ಕಟ್ಟುತ್ತದೆ. ಇದು ಫೈಬ್ರೋಸಿಸ್. ವರ್ಷಗಟ್ಟಲೆ ಮುಂದುವರಿದರೆ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ನಾರುಗಟ್ಟಿ ಗಟ್ಟಿಯಾದ ಸ್ಥಿತಿ. ಶುಗರ್ ಇದ್ದವರಲ್ಲಿ ಈ ದಾರಿ ಬೇಗ ಸವೆಯುತ್ತದೆ. ನೋವೂ ಇರುವುದಿಲ್ಲ.

ರಕ್ತ ಪರೀಕ್ಷೆ ನಾರ್ಮಲ್ ಇದೆಯಲ್ಲ ಅಂತ ಕೇಳಬಹುದು. ಅದನ್ನೂ ಪೂರ್ತಿ ನಂಬುವಂತಿಲ್ಲ. ಲಿವರ್‌ನಲ್ಲಿ ನಾರು ಕಟ್ಟಿರಬಹುದೇ ಅಂತ ಅಂದಾಜಿಸಲು ಫಿಬ್-4 ಅಂತ ಒಂದು ಲೆಕ್ಕ ಇದೆ. ಇದಕ್ಕೆ ಬೇಕಾದ ಎಎಸ್‌ಟಿ, ಎಎಲ್‌ಟಿ ಅಂದರೆ ರಕ್ತದಲ್ಲಿ ಅಳೆಯುವ ಎರಡು ಲಿವರ್ ಕಿಣ್ವಗಳು (ಎನ್‌ಜೈಮ್). ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಿ. ಒಬ್ಬರಿಗೆ 60 ವರ್ಷ ಅಂದುಕೊಳ್ಳಿ. ಎಎಸ್‌ಟಿ 35, ಎಎಲ್‌ಟಿ 36, ಪ್ಲೇಟ್‌ಲೆಟ್ 1,75,000. ಲ್ಯಾಬ್ ರಿಪೋರ್ಟಿನಲ್ಲಿ ಒಂದಕ್ಕೂ ಕೆಂಪು ಗುರುತು ಬೀಳುವುದಿಲ್ಲ. ಲೆಕ್ಕ ಹಾಕಿ: 60 ಗುಣಿಸು 35 ಅಂದರೆ 2,100. 36ರ ವರ್ಗಮೂಲ 6. 175 ಗುಣಿಸು 6 ಅಂದರೆ 1,050. ಭಾಗಿಸಿದರೆ 2. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಹೆದರಿಕೆ ಇಲ್ಲ, 65 ದಾಟಿದವರಿಗೆ ಆ ಗಡಿ 2. ಹಾಗಾಗಿ ಈ 60ರವರಿಗೆ ಮುಂದಿನ ಪರೀಕ್ಷೆ ಬೇಕು. ಸಾಮಾನ್ಯವಾಗಿ ಅದು ಫೈಬ್ರೋಸ್ಕ್ಯಾನ್; ಲಿವರ್ ಎಷ್ಟು ಬಿಗಿಯಾಗಿದೆ ಅಂತ ಚರ್ಮದ ಮೇಲಿಂದಲೇ ಅಳೆಯುತ್ತಾರೆ, ಸೂಜಿ ಚುಚ್ಚುವುದಿಲ್ಲ. ಫಿಬ್-4 ಒಂದರಿಂದಲೇ ಕಾಯಿಲೆ ಇದೆ ಅಂತ ತೀರ್ಮಾನಿಸಲು ಬರುವುದಿಲ್ಲ. ಆದರೆ ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ‘ನನ್ನ ಫಿಬ್-4 ಎಷ್ಟು?’ ಅಂತ ದಯವಿಟ್ಟು ಕೇಳಿ.

ಹೆಸರಿನ ಬಗ್ಗೆ ಒಂದು ಮಾತು. ಹಳೆಯ ರಿಪೋರ್ಟುಗಳಲ್ಲಿ ಎನ್‌ಎಎಫ್‌ಎಲ್‌ಡಿ ಅಂತ ಇರುತ್ತದೆ, ‘ಮದ್ಯದಿಂದಲ್ಲದ’ ಫ್ಯಾಟಿ ಲಿವರ್ ಅಂತ ಅರ್ಥ. 2023ರಲ್ಲಿ ಅದನ್ನು ಎಂಎಎಸ್‌ಎಲ್‌ಡಿ (ಚಯಾಪಚಯದ ಏರುಪೇರಿನ ನಂಟಿರುವ ಫ್ಯಾಟಿ ಲಿವರ್) ಅಂತ ಬದಲಾಯಿಸಿದರು. ಶುಗರ್, ತೂಕ, ಬಿಪಿ, ಕೊಲೆಸ್ಟ್ರಾಲ್‌ಗಳ ನಂಟು ಹೊಸ ಹೆಸರಿನಲ್ಲೇ ಇದೆ. ಒಳ್ಳೆಯ ಬದಲಾವಣೆ ಅನ್ನಿಸುತ್ತದೆ.

ಲಿವರ್ ಚೇತರಿಸಿಕೊಳ್ಳಬಲ್ಲ ಅಂಗ. ತೂಕ ಹೆಚ್ಚಿದ್ದವರು ನೂರಕ್ಕೆ 5ರಷ್ಟು ಇಳಿಸಿದರೂ ಕೊಬ್ಬು ಕರಗತೊಡಗುತ್ತದೆ. 10ರಷ್ಟು ಇಳಿದರೆ ನಾರೂ ಕಡಿಮೆಯಾಗಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಇದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಪಯೋಗ್ಲಿಟಜೋನ್, ಸೆಮಾಗ್ಲುಟೈಡ್ ನೆರವಾಗಬಲ್ಲವು. ಯಾರಿಗೆ ಯಾವುದು ಅನ್ನುವುದು ಡಾಕ್ಟರ್ ಮಾತು.

ಲಿವರ್‌ನಲ್ಲಿ ಕೊಬ್ಬಿದೆ ಅಂತ ಹೆದರಿ ಕೊಲೆಸ್ಟ್ರಾಲ್‌ನ ಸ್ಟ್ಯಾಟಿನ್ ಮಾತ್ರೆಯನ್ನು ತಾವೇ ನಿಲ್ಲಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಫ್ಯಾಟಿ ಲಿವರ್‌ಗೆ ಸ್ಟ್ಯಾಟಿನ್ ಅಡ್ಡಿಯಲ್ಲ. ಫ್ಯಾಟಿ ಲಿವರ್ ಇರುವವರಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಹೃದಯದ ಕಾಯಿಲೆ, ಆ ಮಾತ್ರೆ ಕಾಯುತ್ತಿರುವುದು ಅದನ್ನೇ.