ಜಕ್ಕೂರಿನ ಮೇಲೆ ಎಂಜಿನ್ ನಿಂತರೆ: ಮೊದಲು 3,000 ಕಳೆಯಿರಿ

ಒಂದೇ ಎಂಜಿನ್‌ನ ಪುಟ್ಟ ತರಬೇತಿ ವಿಮಾನ ಸೆಸ್ನಾ 172ರ ಎಮರ್ಜೆನ್ಸಿ ಚೆಕ್‌ಲಿಸ್ಟ್ ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಆದರೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಹಾರಾಟ ಕಲಿಯುವವರಿಗೆ ಅದಕ್ಕಿಂತ ಮುಂಚೆ ಒಂದು ಕಳೆಯುವ ಲೆಕ್ಕ ಇದೆ.

ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರ ಮಟ್ಟದಿಂದ ಎತ್ತರ ತೋರಿಸುವ ಒತ್ತಡದ ಸೆಟ್ಟಿಂಗ್) ಇಟ್ಟುಕೊಂಡು ಹಾರುವಾಗ ಎತ್ತರದ ಮೀಟರ್ ಆದ ಆಲ್ಟಿಮೀಟರ್ 4,000 ತೋರಿಸಿದರೆ, ನಿಮಗೂ ನೆಲಕ್ಕೂ ನಡುವೆ ಇರುವುದು 1,000 ಅಡಿ ಅಷ್ಟೇ. ಎಂಜಿನ್ ನಿಂತ 172 ಸುಮಾರು 65 ನಾಟ್ (ಗಂಟೆಗೆ 120 ಕಿ.ಮೀ.) ವೇಗದಲ್ಲಿ ಒಂದು ಅಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿ ಮುಂದೆ ಹೋಗುತ್ತದೆ. ಅಂದರೆ ಆ 1,000 ಅಡಿಯಲ್ಲಿ ಸಿಗುವುದು 2.7 ಕಿ.ಮೀ. ದೂರ, ಒಂದೂಕಾಲು ನಿಮಿಷ. ಅದೂ ಎದುರುಗಾಳಿ ಇಲ್ಲದೆ, ಎಲ್ಲೂ ತಿರುಗದೆ ಹೋದರೆ! (ಸರಿಯಾದ ವೇಗ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಿಮ್ಮ ವಿಮಾನದ ಹ್ಯಾಂಡ್‌ಬುಕ್ ನೋಡಿ.)

ಹಾಗಾಗಿ ಮೊದಲ ಕೆಲಸ ಮೂತಿ ತಗ್ಗಿಸಿ ಆ ವೇಗ ಹಿಡಿಯುವುದು. ಆಮೇಲೆ ಜಾಗ ಹುಡುಕುವುದು. ಎಂಜಿನ್ ಯಾಕೆ ನಿಂತಿತು ಅನ್ನುವುದು ಮೂರನೆಯದು.

ಟೇಕಾಫ್ ಆದ ಕೂಡಲೇ ನಿಂತರೆ ಹೊರಟ ರನ್‌ವೇಗೇ ವಾಪಸ್ ಹೋಗೋಣ ಅನ್ನಿಸುವುದು ಸಹಜ. ಬೇಡ. 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಸುಮಾರು 19% ಏರುತ್ತದೆ, 60 ಡಿಗ್ರಿಗೆ 41%. ಎತ್ತರ ಬೇರೆ ಕರಗುತ್ತಿರುತ್ತದೆ. ಮೂತಿಯ ಮುಂದೆ, ಸ್ವಲ್ಪ ಎಡಕ್ಕೋ ಬಲಕ್ಕೋ ಏನು ಸಿಗುತ್ತದೋ ಅಲ್ಲೇ ಇಳಿಯಬೇಕು.

ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದಾಗ ನಮ್ಮ ಡೆನ್ಸಿಟಿ ಆಲ್ಟಿಟ್ಯೂಡ್ 6,000 ಅಡಿಯ ಹತ್ತಿರ ಬರುತ್ತದೆ, ಅಂದರೆ ಗಾಳಿ ಅಷ್ಟು ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ವೇಗದ ಮೀಟರ್ 65 ತೋರಿಸಿದರೂ ನಿಜವಾದ ವೇಗ 71 ನಾಟ್ ಇರುತ್ತದೆ. ನೆಲ ಮುಟ್ಟುವಾಗ ವೇಗ ಜಾಸ್ತಿ, ಉದ್ದದ ಜಾಗ ಬೇಕು.

ಇನ್ನು ಜಾಗ. ದೇವನಹಳ್ಳಿ ಕಡೆ ಮೇಲಿಂದ ನೋಡಿದರೆ ದ್ರಾಕ್ಷಿ ತೋಟ ಹಸಿರು ಚಾಪೆ ಹಾಸಿದ ಹಾಗೆ ಕಾಣುತ್ತದೆ. ಅದರ ಕೆಳಗಿರುವುದು ಕಲ್ಲಿನ ಕಂಬ, ಬಿಗಿದ ತಂತಿ. ನೀಲಗಿರಿ ತೋಪೂ ಬೇಡ. ಒಣಗಿದ ಕೆರೆ ಅಂಗಳ ಆಸೆ ಹುಟ್ಟಿಸುತ್ತದೆ, ಆದರೆ ಜಾಲಿ ಗಿಡ, ಕೆಸರು ಇದೆಯಾ ನೋಡಿಕೊಳ್ಳಿ. ನನ್ನ ಪ್ರಕಾರ ಕೊಯ್ಲಾದ ರಾಗಿ ಹೊಲದಷ್ಟು ಒಳ್ಳೆಯದು ಇನ್ನೊಂದಿಲ್ಲ. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೇ ಇಳಿಯಿರಿ, ಅಡ್ಡಕ್ಕೆ ಬೇಡ. ಕರೆಂಟ್ ತಂತಿ ಕಾಣುವುದಿಲ್ಲ, ಕಂಬ ಹುಡುಕಿ. 2016ರ ಮೇ 24ರಂದು ದೆಹಲಿಯ ನಜಫ್‌ಗಢ ಬಳಿ ಎರಡೂ ಎಂಜಿನ್ ಕೈಕೊಟ್ಟ ಏರ್ ಆಂಬುಲೆನ್ಸ್ ಒಂದು ಹೊಲದಲ್ಲೇ ಇಳಿಯಿತು. ಏಳು ಜನವೂ ಬದುಕಿದರು.

ಎತ್ತರ ಉಳಿದಿದ್ದರೆ ಮಾತ್ರ ರೀಸ್ಟಾರ್ಟ್: ಫ್ಯೂಯಲ್ ಸೆಲೆಕ್ಟರ್ (ಯಾವ ಟ್ಯಾಂಕ್ ಅನ್ನುವ ಸ್ವಿಚ್), ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಪ್ರಮಾಣ), ಮ್ಯಾಗ್ನೆಟೊ (ಕಿಡಿ ಕೊಡುವುದು) ನೋಡಿ, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಮಾಡೆಲ್ ಆದರೆ ಅದಕ್ಕೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಹಾಕಿ. ಇಪ್ಪತ್ತು ಡಿಗ್ರಿಯಲ್ಲಿ ಐಸಾ ಅಂತ ನಗಬೇಡಿ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ತಣ್ಣಗಾಗಿ, ನಮ್ಮ ಮಳೆಗಾಲದ ತೇವವೇ ಕಾರ್ಬ್ಯುರೇಟರಿನ ಗಂಟಲಲ್ಲಿ ಹೆಪ್ಪುಗಟ್ಟುತ್ತದೆ.

ಎತ್ತರ ಸಾಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮೂರಿನದೇ ನೋವಿನ ಉದಾಹರಣೆ ಇದೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ 14 ಸೀಟಿನ ಸಾರಸ್ ವಿಮಾನದ ಎರಡನೇ ಪ್ರೊಟೊಟೈಪ್ 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಬಿತ್ತು. ಒಂದು ಎಂಜಿನ್ ಬೇಕೆಂದೇ ನಿಲ್ಲಿಸಿ, ಆಕಾಶದಲ್ಲೇ ಮತ್ತೆ ಸ್ಟಾರ್ಟ್ ಮಾಡುವ ಪರೀಕ್ಷೆ ಅದು. ವಾಯುಪಡೆಯ ಮೂವರೂ ತೀರಿಕೊಂಡರು. ರೀಸ್ಟಾರ್ಟ್ ವಿಧಾನವೇ ತಪ್ಪಾಗಿತ್ತು, ಎತ್ತರವೂ ಸಾಕಾಗುವಷ್ಟು ಇರಲಿಲ್ಲ ಎಂದಿತು ತನಿಖೆ.

ಮೇಡೇ, ಅಂದರೆ ಪ್ರಾಣಾಪಾಯದ ರೇಡಿಯೊ ಕರೆ, ಈಗಾಗಲೇ ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ಕೊಡಿ. ಅಲ್ಲಿ ಯಾರೂ ಸಿಗದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ರೇಡಾರ್‌ಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಕೋಡ್ 7700.

ಇಳಿಯುವುದು ಖಚಿತವಾದ ಮೇಲೆ ಫ್ಯೂಯಲ್, ಮಿಕ್ಸ್ಚರ್, ಇಗ್ನಿಷನ್ ಆಫ್. ಬಾಗಿಲ ಚಿಲಕ ತೆಗೆದಿಡಿ, ಪೆಟ್ಟು ಬಿದ್ದು ಬಾಗಿಲು ಸಿಕ್ಕಿಕೊಳ್ಳಬಾರದು ಅಲ್ವಾ. ಇಡೀ ವಿಮಾನದ ಕರೆಂಟಿನ ಮಾಸ್ಟರ್ ಸ್ವಿಚ್ ಮಾತ್ರ ಕೊನೆಗೆ. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಬಾಗಿಸುವ ಫ್ಲಾಪ್ ಈಗಿನ 172ರಲ್ಲಿ ನಡೆಯುವುದು ಕರೆಂಟಿನಿಂದ. ಮೊದಲೇ ಮಾಸ್ಟರ್ ಆಫ್ ಮಾಡಿದರೆ ಫ್ಲಾಪ್ ಇಳಿಯುವುದಿಲ್ಲ, ರೇಡಿಯೊವೂ ಸತ್ತಿರುತ್ತದೆ.